ನಾಳೆಯ ನಡಾವಳಿ

"ಅನುಮೋದಿಸುತ್ತೇನೆ."

ಮೊಬೈಲಿನಿಂದ ಸತ್ತವನ ದನಿ ಬಂತು. ಒಡಕು ಗಂಟಲು, ಮಾತು ಮುಗಿದ ಮೇಲೊಂದು ಸಣ್ಣ ಕೆಮ್ಮು.

ಠಾಣೆಯ ಬೆಂಚಿನ ಮೇಲೆ ಕುಳಿತಿದ್ದ ಖುದ್ದೂಸ್ ಎರಡೂ ಕಾಲು ಮೇಲೆತ್ತಿಕೊಂಡ, ನೆಲದ ಮೇಲೆ ನೀರು ನುಗ್ಗಿ ಬಂತೇನೋ ಎಂಬ ಹಾಗೆ. ಸಬ್ ಇನ್ಸ್‌ಪೆಕ್ಟರ್ ಚೌಡೇಶ್ವರಿ ಅವನ ಮುಖವನ್ನೇ ನೋಡುತ್ತ ಮತ್ತೊಮ್ಮೆ ಒತ್ತಿದಳು.

"ಅನುಮೋದಿಸುತ್ತೇನೆ." ಕೆಮ್ಮು.

ಪ್ರೊಫೆಸರ್ ಹಾಲಸ್ವಾಮಿಯ ಹೆಣ ಹರಿಹರದ ಹೊಳೆಯಲ್ಲಿ ಸಿಕ್ಕಿದ್ದು ಹದಿನೈದನೇ ತಾರೀಖು. ಮುಖವನ್ನು ಮೀನು ತಿಂದಿತ್ತು. ಮಗಳು ಭವ್ಯಾ ಬೆರಳಿನ ಉಂಗುರ ನೋಡಿ ಗುರುತು ಹಿಡಿದಳು. ಸಾವು ಹನ್ನೆರಡರ ರಾತ್ರಿ ಆಗಿದೆ ಎಂದು ಡಾಕ್ಟರು ಬರೆದುಕೊಟ್ಟರು. ಆದರೆ ಶಾಂತಿಸಾಗರ ವಿಶ್ವವಿದ್ಯಾಲಯದ ದಾಖಲೆ, ಅದರ ಜೊತೆ ಕೊಟ್ಟ ಸಭೆಯ ಈ ಧ್ವನಿಮುದ್ರಣ ಎರಡೂ ಬೇರೆಯೇ ಹೇಳುತ್ತಿದ್ದವು. ಹದಿನಾಲ್ಕರ ಬೆಳಿಗ್ಗೆ ಹಾಲಸ್ವಾಮಿ ಸಿಂಡಿಕೇಟ್ ಸಭೆಗೆ, ಅಂದರೆ ಆಡಳಿತ ಮಂಡಳಿಯ ಸಭೆಗೆ ಬಂದಿದ್ದರು, ಹಾಜರಿ ಪುಸ್ತಕಕ್ಕೆ ಸಹಿ ಹಾಕಿದ್ದರು, ಒಂದು ನಿರ್ಣಯವನ್ನು ಅನುಮೋದಿಸಿದ್ದರು, ಚಹಾ ಕುಡಿದು ಹೋಗಿದ್ದರು.

ಚಹಾ ಕುಡಿದರು ಎಂದು ಹೇಳಿದವನು ಸಭಾಂಗಣದ ಜವಾನ ಖುದ್ದೂಸ್. ಅವನ ಕಪಾಟಿನಲ್ಲಿ ಹಾಲಸ್ವಾಮಿಯ ಕನ್ನಡಕವೂ ಸಿಕ್ಕಿತು. ಸರ್ಕಲ್ ಸಾಹೇಬರಿಗೆ ಅಷ್ಟು ಸಾಕಾಯಿತು. ಸತ್ತವನು ಬದುಕಿದ್ದ ಎಂದು ಸುಳ್ಳು ಹೇಳುವವನು ಕೊಂದವನೇ ಇರಬೇಕು, ಬೆಳಿಗ್ಗೆ ಕೋರ್ಟಿಗೆ ಹಾಜರು ಮಾಡಿ ಎಂದು ಹೇಳಿ ಊಟಕ್ಕೆ ಹೋದರು. ಮೂರು ತಿಂಗಳಿಗೆ ನಿವೃತ್ತಿಯಾಗಬೇಕಿದ್ದ ಖುದ್ದೂಸ್ ಈಗ ಕೊಲೆಗಾರನಾಗಿ ಜೈಲಿಗೆ ಹೋಗುವುದರಲ್ಲಿದ್ದ.

ಚೌಡೇಶ್ವರಿ ಮೂರನೇ ಸಲ ಒತ್ತಿದಳು. ಖುದ್ದೂಸ್ ಈ ಸಲ ಮೊಬೈಲ್ ನೋಡಲಿಲ್ಲ. ತಲೆ ಎತ್ತಿ ಸೂರು ನೋಡಿದ.

"ಮೇಡಂ, ಇದು ಹದಿನಾಲ್ಕರ ಮೀಟಿಂಗಿಂದಲ್ಲ."

"ಹೆಂಗ್ ಹೇಳ್ತೀರಿ?"

"ಹಿಂದ ಟಕ್ ಟಕ್ ಅಂತೈತಲ್ರಿ, ಅದು ಮೀಟಿಂಗ್ ಹಾಲಿನ ನಡುವಿನ ಫ್ಯಾನು. ಎರಡು ವರ್ಷ ಅದಕ್ಕೆ ಎಣ್ಣಿ ಬಿಟ್ಟು ನನ್ನ ಕೈ ಬಿದ್ದೋಗೈತೆ. ಜನವರಿ ಮೀಟಿಂಗ್ ಆದ ಮಾರನೇ ದಿನ ಎ.ಸಿ. ಹಾಕಿದ್ರು. ಫ್ಯಾನು ಇಳಿಸಿದವನು ನಾನೇ. ಈಗ ಆ ಹಾಲಿನಾಗೆ ಫ್ಯಾನೇ ಇಲ್ಲ."

ಚೌಡೇಶ್ವರಿ ಮೊಬೈಲನ್ನು ಕಿವಿಗೆ ಹಿಡಿದಳು. ಟಕ್, ಟಕ್, ಟಕ್. ಎರಡು ದಿನದಿಂದ ಕೇಳುತ್ತಿದ್ದರೂ ಅವಳಿಗೆ ಅದು ಕೇಳಿಸಿರಲಿಲ್ಲ. ಇಲ್ಲದ ಫ್ಯಾನು ಸತ್ತವನ ತಲೆಯ ಮೇಲೆ ತಿರುಗುತ್ತಿತ್ತು. ಜನವರಿಯ ದನಿಯನ್ನು ಯಾರೋ ಕತ್ತರಿಸಿ ಮಾರ್ಚಿಗೆ ಅಂಟಿಸಿದ್ದರು.

ಕನ್ನಡಕವೂ ಜನವರಿಯದೇ. ಹಾಲಸ್ವಾಮಿ ಸಾಹೇಬರು ಮೇಜಿನ ಮೇಲೆ ಮರೆತು ಹೋಗಿದ್ದರು, ಮುಂದಿನ ಸಭೆಗೆ ಕೊಡೋಣವೆಂದು ಎತ್ತಿಟ್ಟಿದ್ದೆ ಎಂದು ಖುದ್ದೂಸ್ ಮೊದಲಿನಿಂದ ಹೇಳುತ್ತಲೇ ಇದ್ದ. ಉಳಿದದ್ದು ಚಹಾ.

ಚೌಡೇಶ್ವರಿ ಬಾಗಿಲ ಕಡೆ ನೋಡಿದಳು. ಹೊಸ್ತಿಲ ಹೊರಗೆ ಖುದ್ದೂಸನ ಹೆಂಡತಿ ಜೈನಾಬಿ ಬುರ್ಖಾದ ಮುಸುಕು ಎತ್ತಿಕೊಂಡು ಬೆಳಿಗ್ಗೆಯಿಂದ ನಿಂತೇ ಇದ್ದಳು. ಅವಳು ಒಂದೇ ಮಾತು ಹಿಡಿದಿದ್ದಳು, ನಮ್ಮೋರು ಸುಳ್ಳು ಹೇಳೋರಲ್ಲ. ಗಂಡ ಅವಳ ಕಡೆ ಒಮ್ಮೆಯೂ ನೋಡಿರಲಿಲ್ಲ. ಅದು ಚೌಡೇಶ್ವರಿಗೆ ಈಗ ಹೊಳೆಯಿತು.

"ಜೈನಾಬಮ್ಮ, ನೀವು ಊರಿಗೆ, ಗುತ್ತೂರಿಗೆ ಹೋಗ್ರಿ. ಇಫ್ತಾರ್ ಹೊತ್ತಿಗೆ ನಿಮ್ಮ ಯಜಮಾನ್ರನ್ನ ಮನೀಗೆ ಕಳಿಸ್ತೀನಿ. ಅಡಿಗಿ ಮಾಡ್ರಿ."

ಜೈನಾಬಿ ಅನುಮಾನದಿಂದ ನೋಡಿದಳು. ಪೊಲೀಸರು ಕೊಡುವ ಮಾತನ್ನು ಎಷ್ಟು ನಂಬಬೇಕೋ ಅಷ್ಟೇ ನಂಬಿ, ಬಸ್ಸಿಗೆ ಹೊರಟಳು.

ಅವಳು ಗೇಟು ದಾಟಿದ ಮೇಲೆ ಚೌಡೇಶ್ವರಿ ಕೇಳಿದಳು, "ಆ ಚಹಾ ಯಾರು ಕುಡಿದ್ರು?"

ಖುದ್ದೂಸ್ ತಲೆ ತಗ್ಗಿಸಿದ. ಆಮೇಲೆ ಒಂದೊಂದೇ ಹೊರಗೆ ಬಂತು. ಅವನಿಗೆ ಸಕ್ಕರೆ ಕಾಯಿಲೆ. ಅವತ್ತು ರಂಜಾನಿನ ಉಪವಾಸ, ರೋಜಾ ಇದ್ದ. ಹನ್ನೆರಡು ಗಂಟೆಗೆ ಕಣ್ಣು ಕತ್ತಲೆ ಕಟ್ಟಿತು. ನಾಮಫಲಕ ಇದ್ದ ಕಡೆಯಲ್ಲೆಲ್ಲ ಒಂದೊಂದು ಕಪ್ ಚಹಾ ಇಡುವುದು ಅಲ್ಲಿನ ರೂಢಿ, ಜನ ಬರಲಿ ಬಿಡಲಿ. ಹಾಲಸ್ವಾಮಿಯ ಕುರ್ಚಿ ಖಾಲಿ ಇತ್ತು, ಚಹಾ ಆರುತ್ತಿತ್ತು. ಬಗ್ಗಿ ಕಪ್ಪು ಎತ್ತುವವನ ಹಾಗೆ ಮಾಡಿ, ಗೋಡೆ ಕಡೆ ತಿರುಗಿ ಕುಡಿದುಬಿಟ್ಟ.

"ರೋಜಾ ಬ್ಯಾಡ ಅಂತ ಆಕೀನೇ ಹೇಳಿದ್ಲು. ಇರ್ತೀನಿ ಅಂತ ಜಗಳ ಮಾಡಿದವನು ನಾನು. ಅದಕ್ಕೆ ಸಾಹೇಬ್ರು ಕುಡಿದ್ರು ಅಂದೆ. ಸಾಹೇಬ್ರು ಸತ್ತಿದ್ರು ಅಂತ ನನಗೇನ್ ಗೊತ್ರಿ?"

ಹೆಂಡತಿಗೆ ಹೆದರಿ ಹೇಳಿದ ಒಂದು ಸುಳ್ಳಿಗೆ ಈ ಮನುಷ್ಯ ಜೈಲಿಗೆ ಹೋಗಲು ತಯಾರಾಗಿದ್ದ. ಚೌಡೇಶ್ವರಿಗೆ ನಗು ಬರಲಿಲ್ಲ. ದನಿ ಸುಳ್ಳು, ಚಹಾ ಸುಳ್ಳು. ಆದರೆ ಸಹಿ ಸುಳ್ಳಲ್ಲ. ಬೆಂಗಳೂರಿನ ತಜ್ಞರು ನೋಡಿ, ಅದು ಹಾಲಸ್ವಾಮಿಯದೇ ಕೈ ಎಂದಿದ್ದರು.

ಸತ್ತು ಎರಡು ದಿನ ಆದವನು ಹೇಗೆ ಸಹಿ ಹಾಕಿದ?

*

ವಿಶ್ವವಿದ್ಯಾಲಯ ದಾವಣಗೆರೆಯ ಹೊರಗೆ ಬಯಲಿನಲ್ಲಿತ್ತು. ನಾಲ್ಕೂಕಾಲರ ಬಿಸಿಲು. ಪರೀಕ್ಷೆ ಮುಗಿದು ಹುಡುಗರೆಲ್ಲ ಊರಿಗೆ ಹೋಗಿದ್ದರು. ಆಡಳಿತ ಕಟ್ಟಡದ ಕಾರಿಡಾರಿನಲ್ಲಿ ಚೌಡೇಶ್ವರಿಯ ಬೂಟಿನ ಸದ್ದು ಅವಳಿಗಿಂತ ಒಂದು ಹೆಜ್ಜೆ ಹಿಂದೆ ಬರುತ್ತಿತ್ತು.

ಸಭಾಂಗಣದ ಬಾಗಿಲು ತೆರೆದಿತ್ತು. ಒಳಗೆ ಮೊಟ್ಟೆಯಾಕಾರದ ದೊಡ್ಡ ಮೇಜು, ಸುತ್ತ ಹದಿನಾಲ್ಕು ಕುರ್ಚಿ. ಎ.ಸಿ. ಓಡುತ್ತಿತ್ತು, ಜನ ಇರಲಿಲ್ಲ. ನಡುವಿನ ಸೂರಿನಲ್ಲಿ ಫ್ಯಾನು ಇಳಿಸಿದ ಕಡೆ ಒಂದು ಕೊಕ್ಕೆ ಮಾತ್ರ ನೇತಾಡುತ್ತಿತ್ತು.

ಒಬ್ಬಳು ಹೆಂಗಸು ಕುರ್ಚಿಯಿಂದ ಕುರ್ಚಿಗೆ ಹೋಗುತ್ತ, ಪ್ರತಿ ನಾಮಫಲಕದ ಮುಂದೆ ಒಂದೊಂದು ಲಕೋಟೆ ಇಡುತ್ತಿದ್ದಳು. ಸಿಂಡಿಕೇಟ್ ಶಾಖೆಯ ಸೂಪರಿಂಟೆಂಡೆಂಟ್ ಕಸ್ತೂರಮ್ಮ. ಐವತ್ತೈದು ದಾಟಿದವಳು, ಇಸ್ತ್ರಿ ಮಾಡಿದ ಕಾಟನ್ ಸೀರೆ, ಮುಂಗೈಗೆ ಗಂಡಸರ ಗಡಿಯಾರ. ನಾಳೆ ಹನ್ನೊಂದಕ್ಕೆ ಮತ್ತೆ ತುರ್ತು ಸಭೆ. ಯುಗಾದಿ ರಜೆಗೆ ಮುಂಚೆ ಮುಗಿಸಬೇಕಂತೆ.

ನಾಲ್ಕನೇ ಕುರ್ಚಿಯ ಮುಂದೆಯೂ ಅವಳು ಲಕೋಟೆ ಇಟ್ಟಳು. ಫಲಕದ ಮೇಲೆ ಹೆಸರು ಹಾಗೇ ಇತ್ತು. ಪ್ರೊ. ಹಾಲಸ್ವಾಮಿ, ಮಾನ್ಯ ಸದಸ್ಯರು.

"ಸತ್ತವರಿಗೂ ಅಜೆಂಡಾ ಕೊಡ್ತೀರಾ?"

ಕಸ್ತೂರಮ್ಮ ಬೆಚ್ಚಲಿಲ್ಲ. ಅವರು ಕುಲಾಧಿಪತಿಗಳ ನಾಮನಿರ್ದೇಶನದ ಸದಸ್ಯರು, ಅಂದರೆ ರಾಜ್ಯಪಾಲರು ನೇಮಿಸಿದವರು ಎಂದಳು. ಸ್ಥಾನ ಖಾಲಿ ಆಗಿದೆ ಎಂದು ರಾಜ್ಯಪಾಲರ ಕಚೇರಿಯಿಂದ ಅಧಿಸೂಚನೆ ಬರಬೇಕು. ಬರುವ ತನಕ ಫಲಕ ತೆಗೆಯಲು ತನಗೆ ಅಧಿಕಾರವಿಲ್ಲ, ಲಕೋಟೆ ಇಡದಿರಲೂ ಇಲ್ಲ.

"ಕಾಗದದ ಮೇಲೆ ಅವರು ಇನ್ನೂ ಅದಾರೆ," ಎಂದಳು.

ಚೌಡೇಶ್ವರಿ ನಾಲ್ಕನೇ ಕುರ್ಚಿಯನ್ನು ಎಳೆದು ತಾನೇ ಕುಳಿತಳು. ಕಸ್ತೂರಮ್ಮನ ಮುಖ ಬಿಗಿಯಿತು. ಸತ್ತವನಿಗೆ ಅಜೆಂಡಾ ಇಡುವಾಗ ಅಲುಗದ ಮುಖ ಅದು.

"ಹದಿನಾಲ್ಕರಂದು ಎಷ್ಟು ಜನ ಬಂದಿದ್ರು?"

"ಪುಸ್ತಕದಾಗೆ ಏಳು ಸಹಿ ಐತೆ."

"ಪುಸ್ತಕ ಕೇಳಲಿಲ್ಲ. ಕುರ್ಚಿ ಕೇಳಿದೆ."

ಕಸ್ತೂರಮ್ಮ ಕೈಯಲ್ಲಿದ್ದ ಲಕೋಟೆಗಳ ಅಂಚು ಸರಿ ಮಾಡಿದಳು. ಈ ವಿಶ್ವವಿದ್ಯಾಲಯದಲ್ಲಿ ಸಭೆ ನಡೆಯಬೇಕಾದರೆ ಕನಿಷ್ಠ ಏಳು ಜನ ಬೇಕು. ಅದಕ್ಕೆ ಕೋರಂ ಎನ್ನುತ್ತಾರೆ. ಆರು ಜನ ಬಂದರೆ ಅದು ಸಭೆಯಲ್ಲ, ಹರಟೆ. ಅಲ್ಲಿ ಮಾಡಿದ ಯಾವ ನಿರ್ಣಯಕ್ಕೂ ಬೆಲೆಯಿಲ್ಲ. ಹದಿನಾಲ್ಕರ ನಿರ್ಣಯ ಒಂದೇ ಸಾಲಿನದು. ನಾನೂರ ಹನ್ನೆರಡು ವಿದ್ಯಾರ್ಥಿಗಳ ಉತ್ತರಪತ್ರಿಕೆ ಬದಲಾದ ಬಗ್ಗೆ ನಡೆದ ವಿಚಾರಣೆಯನ್ನು ಕೈಬಿಡುವುದು. ಆ ವಿಚಾರಣೆ ಮಾಡಿ ವರದಿ ಬರೆದವರು ಹಾಲಸ್ವಾಮಿ. ತಾನು ಬರೆದ ವರದಿಯನ್ನು ಹರಿದು ಹಾಕಲು, ಸತ್ತ ಮೇಲೆ ಎದ್ದು ಬಂದು ಅವರೇ ಅನುಮೋದಿಸಿದ್ದರು.

ಚೌಡೇಶ್ವರಿ ಹಾಜರಿ ಪುಸ್ತಕ ತರಿಸಿದಳು. ಹದಿನಾಲ್ಕರ ಪುಟದಲ್ಲಿ ಆರು ಸಹಿ ನೀಲಿ, ಒಂದು ಕಪ್ಪು. ಜನವರಿಯ ಪುಟಕ್ಕೆ ಹೋದಳು. ಅಲ್ಲಿಯೂ ಹಾಲಸ್ವಾಮಿಯದು ಕಪ್ಪು. ಅವಳು ಜನವರಿಯ ಸಹಿಯ ಮೇಲೆ ಬೆರಳಾಡಿಸಿದಳು, ಮಾರ್ಚಿನದರ ಮೇಲೂ ಆಡಿಸಿದಳು. ಒತ್ತಿ ಬರೆಯುವ ಕೈ. ಎರಡರಲ್ಲೂ ಕೊನೆಯ ಗೆರೆ ಎಳೆದ ಕಡೆ ಪೆನ್ನು ಒಂದೇ ರೀತಿ ಮಸಿ ಕಕ್ಕಿತ್ತು.

ಆಮೇಲೆ ಅವಳು ಮುಂದಿನ ಪುಟ ತಿರುವಿದಳು. ನಾಳೆಯ ಪುಟ. ಮೇಲೆ ದಿನಾಂಕ ಖಾಲಿ ಇತ್ತು. ಕೆಳಗೆ ಆರು ಸಹಿ.

ಚೌಡೇಶ್ವರಿ ಪುಸ್ತಕವನ್ನು ಕಸ್ತೂರಮ್ಮನ ಕಡೆ ತಿರುಗಿಸಿದಳು.

"ಇದೇನು ಕಸ್ತೂರಮ್ಮ?"

"ರೂಢಿ," ಎಂದಳು ಕಸ್ತೂರಮ್ಮ. ನಿಂತೇ ಇದ್ದವಳು ಈಗ ಕುಳಿತಳು. "ಸದಸ್ಯರು ದೂರದಿಂದ ಬರೋರು. ಬಂದಾಗ ಎರಡು ಪುಟಕ್ಕೆ ಸಹಿ ಹಾಕಿಸ್ಕೋತೀವಿ. ಇವತ್ತಿಂದೊಂದು, ಮುಂದಿಂದೊಂದು. ಯಾರಾದ್ರೂ ತಪ್ಪಿಸ್ಕೊಂಡ್ರೆ ಮೀಟಿಂಗ್ ಬೀಳಬಾರದು ಅಂತ."

ಚೌಡೇಶ್ವರಿಗೆ ಮೈ ಉರಿಯಿತು. ಅವಳು ಲೋಕಿಕೆರೆಯ ಶಾಲೆಯಲ್ಲಿ ಓದಿದವಳು. ಬಾರದ ಹುಡುಗನಿಗೆ ಹಾಜರಿ ಹಾಕಿದ ಮೇಷ್ಟರನ್ನು ಊರವರು ಬೀದಿಯಲ್ಲಿ ನಿಲ್ಲಿಸಿ ಕೇಳಿದ್ದನ್ನು ಕಂಡಿದ್ದಳು. ಇಲ್ಲಿ ಇಡೀ ವಿಶ್ವವಿದ್ಯಾಲಯದ ತಲೆಯೇ ಹಾಗೆ ನಡೆಯುತ್ತಿತ್ತು.

"ನಾಚಿಕಿ ಆಗಲ್ವಾ ನಿಮಗೆ?"

"ಯಾಕ ನಾಚಿಕಿ?" ಕಸ್ತೂರಮ್ಮನ ದನಿ ಮೊದಲ ಸಲ ಏರಿತು. "ಕುಲಪತಿಗಳು ಬರ್ತಾರೆ, ಹೋಗ್ತಾರೆ. ಕುಲಸಚಿವರು ವರ್ಷಕ್ಕೊಬ್ಬರು. ಸರ್ಕಾರ ಬದಲಾದ್ರೆ ಅರ್ಧ ಸಿಂಡಿಕೇಟೇ ಬದಲು. ಕೋರಂ ಇಲ್ಲ ಅಂತ ಮೀಟಿಂಗ್ ಬಿದ್ರೆ ಹುಡುಗರ ಪದವಿ ಪತ್ರ ನಿಲ್ತಾವೆ. ಇಪ್ಪತ್ತೆರಡು ವರ್ಷ ಒಂದು ಮೀಟಿಂಗೂ ಬೀಳದ ಹಂಗೆ ನೋಡ್ಕೊಂಡಿದೀನಿ. ಅವರು ಬಂದಿಲ್ಲ ಅಂತ ಗೊತ್ತಿತ್ತು. ಸತ್ತಾರೆ ಅಂತ ಗೊತ್ತಿರಲಿಲ್ಲ."

ಕೊನೆಯ ಮಾತು ಹೇಳುವಾಗ ಅವಳು ಹಾಲಸ್ವಾಮಿಯ ಫಲಕದ ಕಡೆ ನೋಡಿದಳು. ಅಷ್ಟು ಮಾತ್ರ ನಿಜ ಎಂದು ಚೌಡೇಶ್ವರಿಗೆ ಅನ್ನಿಸಿತು. ಆ ಧ್ವನಿಮುದ್ರಣ ಎಲ್ಲಿಂದ ಬಂತು ಎಂದು ಕೇಳಿದಳು. ಅದು ಶಾಖೆಯದಲ್ಲ, ಕುಲಸಚಿವರ ಕಚೇರಿಯಿಂದ ಲಕೋಟೆಯಲ್ಲಿ ಬಂತು, ತಾನು ಕೇಳಿಯೂ ನೋಡಿಲ್ಲ ಎಂದಳು ಕಸ್ತೂರಮ್ಮ.

ಚೌಡೇಶ್ವರಿ ಅಲ್ಲಿಂದಲೇ ಸರ್ಕಲ್ ಸಾಹೇಬರಿಗೆ ಫೋನ್ ಮಾಡಿದಳು. ಸಹಿ ಜನವರಿಯದು, ದನಿ ಜನವರಿಯದು, ಕನ್ನಡಕ ಜನವರಿಯದು. ಖುದ್ದೂಸನ ತಪ್ಪು ಒಂದು ಕಪ್ ಚಹಾ. ಸಾಹೇಬರು ಗೊಣಗಿದರು, ಕೊನೆಗೆ ಬಿಡಲು ಒಪ್ಪಿದರು.

ಫೋನ್ ಇಟ್ಟು ತಿರುಗಿದಾಗ ಬಾಗಿಲಲ್ಲಿ ಕುಲಸಚಿವ ರಾಜಕುಮಾರ್ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ವಿಶ್ವವಿದ್ಯಾಲಯದ ಆಡಳಿತವೆಲ್ಲ ನಡೆಯುವುದು ಅವರ ಸಹಿಯಿಂದ. ಬೋಳು ತಲೆ, ಮೆತ್ತಗಿನ ಮಾತು.

"ಖುದ್ದೂಸ್ ಬಿಡುಗಡೆನಾ? ಬಹಳ ಸಂತೋಷ ಮೇಡಂ. ನಮ್ಮ ಮನುಷ್ಯ. ಬಸ್ಸಿಗೆ ಕಾಯೋದು ಬ್ಯಾಡ, ಜೀಪ್ ಕಳಿಸ್ತೀನಿ."

ಸಂಜೆಯ ಹೊತ್ತು, ಉಪವಾಸದ ಮನುಷ್ಯ. ಒಳ್ಳೆಯದೇ ಆಯಿತು ಎಂದಳು ಚೌಡೇಶ್ವರಿ. ಅವರು ತಲೆಯಾಡಿಸಿ ಹೋದರು.

*

ಕೇಳಬೇಕಾದ್ದು ಒಂದು ಉಳಿದಿತ್ತು. ಹದಿನಾಲ್ಕರ ನಡಾವಳಿ, ಅಂದರೆ ಸಭೆಯಲ್ಲಿ ಏನೇನು ನಡೆಯಿತು ಎಂಬ ಬರಹ, ಸಭೆ ಮುಗಿದ ಅರ್ಧ ಗಂಟೆಗೇ ಸಿದ್ಧವಾಗಿ ಎಲ್ಲರಿಗೂ ಹಂಚಿಕೆಯಾಗಿತ್ತು. ಆ ಒಂದು ಸಾಲಿನ ನಿರ್ಣಯಕ್ಕೆ ಚರ್ಚೆಯೆಲ್ಲ ಸೇರಿ ಇಪ್ಪತ್ತು ಪುಟ. ಅಷ್ಟು ಬೇಗ ಹೇಗೆ ಟೈಪ್ ಮಾಡಿದಿರಿ?

ಕಸ್ತೂರಮ್ಮ ಉತ್ತರ ಕೊಡುವ ಮುಂಚೆ ಚೌಡೇಶ್ವರಿಗೆ ಅದು ಗೊತ್ತಾಗಿಹೋಯಿತು.

"ಮೊದಲೇ ಬರ್ದಿಡ್ತೀರಿ."

"ಎಲ್ಲಾ ಕಡೆ ಹಂಗೇ," ಎಂದಳು ಕಸ್ತೂರಮ್ಮ ಸಣ್ಣ ದನಿಯಲ್ಲಿ. "ಏನು ನಿರ್ಣಯ ಆಗ್ತೈತೆ ಅಂತ ಮೇಲಿನವರಿಗೆ ಗೊತ್ತೇ ಇರ್ತೈತೆ. ನಾವು ಟೈಪ್ ಮಾಡಿಡ್ತೀವಿ. ಮೀಟಿಂಗಿನಾಗೆ ಏನಾದ್ರೂ ಬೇರೆ ಆದ್ರೆ ತಿದ್ದೋದು. ಬೇರೆ ಆಗೋದೇ ಇಲ್ಲ."

ಇಲ್ಲಿ ನಡಾವಳಿ ಮೊದಲು. ನಡೆಯುವುದು ಆಮೇಲೆ.

"ನಾಳೇದು ಎಲ್ಲೈತೆ?"

ಕಸ್ತೂರಮ್ಮ ಅವಳನ್ನು ಪಕ್ಕದ ಶಾಖೆಗೆ ಕರೆದುಕೊಂಡು ಹೋದಳು. ಬೀರುವಿನ ಬೀಗ ತೆಗೆದಳು. ಬೆಳಿಗ್ಗೆ ಹತ್ತಕ್ಕೆ ತಾನೇ ಬೀಗ ಹಾಕಿದ್ದು, ಇನ್ನೊಂದು ಕೀಲಿ ಕುಲಸಚಿವರ ಕಚೇರಿಯ ಗೂಟದಲ್ಲಿ ನೇತಾಡುತ್ತದೆ, ಯಾರು ಬೇಕಾದರೂ ತೆಗೆದುಕೊಳ್ಳಬಹುದು ಎಂದಳು. ಹಸಿರು ಕಡತ ತೆಗೆದು ಮೇಜಿನ ಮೇಲಿಟ್ಟಳು.

ಮೊದಲನೇ ವಿಷಯ ಯಾವಾಗಲೂ ಸಂತಾಪ ಸೂಚನೆ. ಚೌಡೇಶ್ವರಿ ಓದಿದಳು. ಹಾಲಸ್ವಾಮಿಯವರ ಅಗಲಿಕೆಗೆ ಸಭೆಯು ತೀವ್ರ ವಿಷಾದ ವ್ಯಕ್ತಪಡಿಸಿತು. ಸಭೆಯೇ ನಡೆದಿಲ್ಲ, ವಿಷಾದ ಮುಗಿದುಹೋಗಿತ್ತು.

ಕೆಳಗೆ ಎರಡನೇ ಪ್ಯಾರಾ ಇತ್ತು.

"ದಿನಾಂಕ ಹದಿನೇಳರ ಸಂಜೆ ಆರು ಗಂಟೆ ಸುಮಾರಿಗೆ ಹರಿಹರದ ಬಳಿ ತುಂಗಭದ್ರಾ ನದಿಯಲ್ಲಿ ಅಕಾಲ ಮರಣಕ್ಕೀಡಾದ ಸಭಾಂಗಣದ ಸಹಾಯಕ ಶ್ರೀ ಖುದ್ದೂಸ್ ಅವರ ಆತ್ಮಕ್ಕೆ ಶಾಂತಿ ಕೋರಿ, ಸಭೆಯು ಎರಡು ನಿಮಿಷ ಎದ್ದು ನಿಂತು ಮೌನ ಆಚರಿಸಿತು."

ಹದಿನೇಳು ಎಂದರೆ ಇವತ್ತು. ಗೋಡೆ ಗಡಿಯಾರದಲ್ಲಿ ಐದು ಇಪ್ಪತ್ತೈದು.

ಕಸ್ತೂರಮ್ಮ ಅವಳ ಭುಜದ ಮೇಲಿಂದ ಬಗ್ಗಿ ಓದಿದಳು. ಅವಳ ಬೆರಳು ಎರಡನೇ ಪ್ಯಾರಾದ ಮೇಲೆ ನಿಂತಿತು.

"ಇದು ನಾನು ಟೈಪ್ ಮಾಡಿದ್ದಲ್ಲ ಮೇಡಂ. ಬೆಳಿಗ್ಗಿ ಈ ಪ್ಯಾರಾ ಇರಲಿಲ್ಲ. ನಮ್ಮಲ್ಲಿ ಜವಾನರಿಗೆ ಸಿಂಡಿಕೇಟ್ ಸಂತಾಪ ಮಾಡಿದ್ದೇ ಇಲ್ಲ. ಇಪ್ಪತ್ತೆರಡು ವರ್ಷದಾಗೆ ಒಮ್ಮೆನೂ ಇಲ್ಲ."

ಬೆಳಿಗ್ಗೆಯಿಂದ ಖುದ್ದೂಸ್ ಠಾಣೆಯ ಬೆಂಚಿನ ಮೇಲಿದ್ದ. ಅವನನ್ನು ಬಿಡಲು ಸರ್ಕಲ್ ಸಾಹೇಬರು ಒಪ್ಪಿದ್ದು ಈಗ ಅರ್ಧ ಗಂಟೆ ಹಿಂದೆ. ಆ ಬಿಡುಗಡೆಯ ಮುಂದಿನದನ್ನೂ ಯಾರೋ ಆಗಲೇ ಟೈಪ್ ಮಾಡಿಟ್ಟಿದ್ದರು.

ಠಾಣೆಗೆ ಫೋನ್ ಮಾಡಿದಳು. ಜೀಪು ಬಂದು ಕರೆದುಕೊಂಡು ಹೋಗಿ ಕಾಲು ಗಂಟೆ ಆಯಿತು ಎಂದ ಪೇದೆ. ಡ್ರೈವರ್ ಅಲ್ಲದೆ ಹಿಂದಿನ ಸೀಟಿನಲ್ಲಿ ಇನ್ನೊಬ್ಬರು ಇದ್ದರು, ಮುಖ ಕಾಣಲಿಲ್ಲ.

ಚೌಡೇಶ್ವರಿ ಕಿಟಕಿಗೆ ಓಡಿದಳು. ಕೆಳಗೆ ಅಂಗಳದಲ್ಲಿ ರಾಜಕುಮಾರ್ ತಮ್ಮ ಕಾರಿನ ಪಕ್ಕ ನಿಂತು ಯಾರ ಜೊತೆಗೋ ಮಾತಾಡುತ್ತಿದ್ದರು. ಅವರು ಇಲ್ಲೇ ಇದ್ದರು. ಹಾಗಾದರೆ ಜೀಪಿನಲ್ಲಿ ಯಾರು?

ಜೈನಾಬಿಗೆ ಫೋನ್ ಮಾಡಿದಳು. ಹಿಂದೆ ಎಣ್ಣೆಯಲ್ಲಿ ಏನೋ ಕರಿಯುವ ಸದ್ದು.

"ಈಗಷ್ಟೇ ನಮ್ಮೋರು ಫೋನ್ ಮಾಡಿದ್ರು ಮೇಡಮ್ಮೋರೆ. ಹೊಳೆದಂಡಿ ಮ್ಯಾಲಿಂದ ಬರ್ತೀವಿ ಅಂದ್ರು. ನೀವು ಮಾತಿಗೆ ತಪ್ಪಲಿಲ್ಲ ನೋಡ್ರಿ."

"ಜೊತೆಗೆ ಯಾರದಾರೆ?"

"ನಾನೂ ಕೇಳಿದೆ. ಹೇಳಿದ್ರೆ ನೀ ನಂಬಲ್ಲ, ಮನೀಗೆ ಬಂದು ಹೇಳ್ತೀನಿ ಅಂದ್ರು. ಭಾಳ ಖುಷಿಯಾಗಿದ್ರು."

ಚೌಡೇಶ್ವರಿ ಮೆಟ್ಟಿಲು ಇಳಿಯುತ್ತಲೇ ಖುದ್ದೂಸನ ನಂಬರ್ ಒತ್ತಿದಳು. ಒಂದು ರಿಂಗು. ಎರಡು. ಮೂರು. ಯಾರೋ ಎತ್ತಿದರು.

"ಖುದ್ದೂಸ್, ಜೀಪ್ ನಿಲ್ಲಿಸ್ರಿ. ಇಳೀರಿ. ಕೇಳ್ತೈತಾ?"

ದೂರದಲ್ಲಿ ನೀರು ಕಲ್ಲಿಗೆ ಬಡಿಯುವ ಸದ್ದು.

ಆಮೇಲೆ, ಕಿವಿಯ ಹತ್ತಿರವೇ, ಹಿಂದೆ ಫ್ಯಾನಿನ ಟಕ್ ಟಕ್ ಇಲ್ಲದೆ, ಒಡಕು ಗಂಟಲಿನ ಒಂದು ಸಣ್ಣ ಕೆಮ್ಮು.